ನೆಲಕ್ಕಿಡುವ ಮುನ್ನ

ದಿಗಂಬರ ಮುನಿಯ ಬಳಿ ಇರುವ ವಸ್ತುಗಳು ಮೂರೇ: ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದುವುದಿದ್ದರೆ ಒಂದು ಗ್ರಂಥ. ಉಜಿರೆಯಿಂದ ಧರ್ಮಸ್ಥಳದತ್ತ ಕವಲೊಡೆಯುವ ರಸ್ತೆಯಲ್ಲೋ ವೇಣೂರು, ಮೂಡುಬಿದಿರೆಯ ಬಸದಿಗಳ ಸುತ್ತಲೋ ಮುನಿಗಳು ವಿಹಾರ ಹೊರಟಾಗ ಊರವರ ಕಣ್ಣೆಲ್ಲ ಅವರ ನಡಿಗೆಯ ಮೇಲಿರುತ್ತದೆ. ಅವರು ಕಮಂಡಲುವನ್ನು ಕೆಳಗಿಡುವ ರೀತಿಯನ್ನು ಗಮನಿಸುವವರು ಕಡಿಮೆ. ಮೊದಲು ಜಾಗವನ್ನು ನಿಟ್ಟಿಸಿ ನೋಡಬೇಕು, ಆಮೇಲೆ ಪಿಂಛಿಯಿಂದ ಮೆತ್ತಗೆ ಸವರಬೇಕು, ಆಮೇಲಷ್ಟೇ ಇಡಬೇಕು. ಎತ್ತಿಕೊಳ್ಳುವಾಗಲೂ ಅದೇ ಕ್ರಮ.

ಇದಕ್ಕೆ ಆದಾನ ನಿಕ್ಷೇಪಣ ಸಮಿತಿ ಎಂದು ಹೆಸರು. ಮುನಿಧರ್ಮದಲ್ಲಿ ಸಮಿತಿಗಳು ಐದು. ಈರ್ಯಾ ಎಂದರೆ ನೋಡಿ ನಡೆಯುವುದು, ಭಾಷಾ ಎಂದರೆ ತೂಗಿ ಮಾತಾಡುವುದು, ಏಷಣಾ ಎಂದರೆ ಶುದ್ಧವಾದ ಆಹಾರ ಸ್ವೀಕರಿಸುವುದು. ನಾಲ್ಕನೆಯದು ಎತ್ತುವ, ಇಡುವ ಎಚ್ಚರ. ಐದನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಜೀವಜಂತುಗಳಿಲ್ಲದ ಜಾಗ ನೋಡಿ ವಿಸರ್ಜಿಸುವುದು. ಐದರಲ್ಲಿ ಎರಡು ಸಮಿತಿಗಳು 'ಇದನ್ನು ಎಲ್ಲಿ ಇಡಲಿ, ಎಲ್ಲಿ ಬಿಡಲಿ' ಎಂಬ ಪ್ರಶ್ನೆಗೇ ಮೀಸಲು. ಸತ್ಯ, ಬ್ರಹ್ಮಚರ್ಯದಂಥ ದೊಡ್ಡ ವ್ರತಗಳ ಜೊತೆಗೆ ಒಂದು ಪಾತ್ರೆಯನ್ನು ನೆಲಕ್ಕಿಡುವ ಸಂಗತಿಗೂ ಶಾಸ್ತ್ರದಲ್ಲಿ ಜಾಗ ಸಿಕ್ಕಿರುವುದು ಸಣ್ಣ ವಿಷಯವಲ್ಲ.

ಇದೇ ಊರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಇನ್ನೊಂದು ಬಗೆಯ ಇಡುವಿಕೆಯ ಪಾಠ ನಡೆಯಬೇಕಿದೆ. ಉಜಿರೆಯಲ್ಲಿ ಎಸ್‌ಡಿಎಂ ಸಂಸ್ಥೆಯದೊಂದು, ಮೂಡುಬಿದಿರೆಯಲ್ಲಿ ಒಂದಕ್ಕಿಂತ ಹೆಚ್ಚು ಕಾಲೇಜುಗಳಿದ್ದು, ಪ್ರೋಗ್ರಾಂ ಬರೆಯಲು ಕಲಿಯುವ ಹುಡುಗ ಹುಡುಗಿಯರಿಗೇನೂ ಕೊರತೆಯಿಲ್ಲ. ಅವರು ಬರೆಯುವ ಪ್ರೋಗ್ರಾಂ ಏನು ಮಾಡಬೇಕು, ಎಷ್ಟು ಬೇಗ ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಅದು ಓಡುವಾಗ ತನ್ನ ಸಾಮಾನುಗಳನ್ನು ಎಲ್ಲಿ ಇಳಿಸಿಕೊಳ್ಳುತ್ತದೆ ಎಂದು ಕೇಳುವವರು ವಿರಳ.

ಎಷ್ಟೋ ತಂತ್ರಾಂಶಗಳು ಓಡುತ್ತಿರುವಾಗಲೇ ಇನ್ನೊಂದು ಪುಟ್ಟ ಪ್ರೋಗ್ರಾಮನ್ನು ಡಿಸ್ಕಿನ ಮೇಲೆ ಹುಟ್ಟಿಸಿ, ಅದರಿಂದ ಕೆಲಸ ತೆಗೆದು, ಆಮೇಲೆ ಅಳಿಸಿಹಾಕುತ್ತವೆ. ವಿಂಡೋಸ್‌ನಲ್ಲಿ ಯಾವುದೋ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಲು ಡಬಲ್ ಕ್ಲಿಕ್ ಮಾಡಿದರೆ, ಆ ಒಂದು ಫೈಲು ಸಾಮಾನ್ಯವಾಗಿ ತನ್ನೊಳಗಿನ ಹತ್ತಾರು ಫೈಲುಗಳನ್ನು ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಟ್ಟು, ನಿಜವಾದ ಕೆಲಸವನ್ನು ಅಲ್ಲಿಂದಲೇ ಮಾಡಿಸುತ್ತದೆ. ಪೈಥಾನ್‌ನಲ್ಲಿ ಬರೆದದ್ದನ್ನು ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಒಂದೇ ಫೈಲಾಗಿ ಕಟ್ಟಿದರೆ, ಅದು ಪ್ರತಿಸಲ ಓಡುವಾಗಲೂ 'ಎಂಇಐ' ಎಂಬ ಅಕ್ಷರಗಳ ಮುಂದೆ ಗೊತ್ತುಗುರಿಯಿಲ್ಲದ ಅಂಕಿಗಳಿರುವ ಫೋಲ್ಡರು ತೆರೆದು ಅದರಲ್ಲಿ ತನ್ನ ಲೈಬ್ರರಿಗಳನ್ನು ಸುರಿಯುತ್ತದೆ. ಜಾವಾ ಪ್ರೋಗ್ರಾಮುಗಳು ಯಂತ್ರಭಾಷೆಯ ತುಣುಕುಗಳನ್ನು ಹೀಗೆಯೇ ತಾತ್ಕಾಲಿಕ ಜಾಗಕ್ಕೆ ಇಳಿಸಿ ಬಳಸುತ್ತವೆ. ಬರೆದು ಮುಗಿಯದ ಪತ್ರವೊಂದು ಟೆಂಪ್ ಫೋಲ್ಡರಿನಲ್ಲಿ ಬಿದ್ದಿದ್ದರೆ ಅದು ಸುಮ್ಮನೆ ಬಿದ್ದಿರುತ್ತದೆ. ಇವು ಹಾಗಲ್ಲ. ಇವು ಕರೆದರೆ ಎದ್ದು ಕೆಲಸ ಮಾಡುವಂಥವು, ಅದೂ ಕರೆದವನ ಅಧಿಕಾರದಲ್ಲಿ.

ಯುನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಇಂಥ ವಸ್ತುಗಳಿಗೆ ಮೊದಲಿನಿಂದಲೂ ಇದ್ದ ಜಾಗ 'ಟಿಎಂಪಿ' ಎಂಬ ಫೋಲ್ಡರು. ಅದು ಊರೊಟ್ಟಿನ ಜಾಗ. ಆ ಯಂತ್ರದಲ್ಲಿ ಖಾತೆಯಿರುವ ಯಾರು ಬೇಕಾದರೂ ಅಲ್ಲಿ ಬರೆಯಬಹುದು. ಒಬ್ಬರಿಟ್ಟದ್ದನ್ನು ಇನ್ನೊಬ್ಬರು ಅಳಿಸದಂತೆ 'ಸ್ಟಿಕಿ ಬಿಟ್' ಎಂಬ ಗುರುತು ಇದೆ. ಆದರೆ ಪಕ್ಕದಲ್ಲಿ ತಮ್ಮದೊಂದನ್ನು ತಂದಿಡುವುದನ್ನು ಅದು ತಡೆಯುವುದಿಲ್ಲ.

ಇದರಿಂದ ಏನಾಗಬಹುದು ಎಂಬುದು 1988ರ ನವೆಂಬರ್ 2ರಂದು ಜಗತ್ತಿಗೆ ಗೊತ್ತಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ 'ಹುಳು' ಆಗಿನ ಪುಟ್ಟ ಇಂಟರ್‌ನೆಟ್‌ನಲ್ಲಿ ಸುಮಾರು 6,000 ಯಂತ್ರಗಳನ್ನು ಹೊಕ್ಕಿತು ಎಂಬುದು ಅಂದಿನ ಅಂದಾಜು. ಅದು ಹೊಗುವ ಬಗೆ ಹೀಗಿತ್ತು: ಮೊದಲು 99 ಸಾಲುಗಳ ಒಂದು ಸಿ ಪ್ರೋಗ್ರಾಮನ್ನು ಕಳುಹಿಸುವುದು, ಅದನ್ನು ಬಲಿಯಾದ ಯಂತ್ರದಲ್ಲೇ ಕಂಪೈಲ್ ಮಾಡಿಸಿ ಓಡಿಸುವುದು, ಅದರ ಮೂಲಕ ದೊಡ್ಡ ದೇಹವನ್ನು ಎಳೆದುಕೊಳ್ಳುವುದು, ಬಳಿಕ ಗುರುತು ಅಳಿಸುವುದು. ಯಂತ್ರಗಳ ಉಸ್ತುವಾರಿಯವರಿಗೆ ಸಿಕ್ಕ ಮೊದಮೊದಲ ಸುಳಿವುಗಳಲ್ಲಿ ತಾತ್ಕಾಲಿಕ ಫೋಲ್ಡರಿನಲ್ಲಿ ಬಿದ್ದಿದ್ದ ವಿಚಿತ್ರ ಹೆಸರಿನ ಫೈಲುಗಳೂ ಸೇರಿದ್ದವು. ಹದಿನಾಲ್ಕು ವರ್ಷದ ನಂತರ, 2002ರ ಸೆಪ್ಟೆಂಬರಿನಲ್ಲಿ ಬಂದ 'ಸ್ಲ್ಯಾಪರ್' ಹುಳು ಕೂಡ ಲಿನಕ್ಸ್ ಸರ್ವರುಗಳ ಟಿಎಂಪಿಯಲ್ಲೇ ತನ್ನ ಮೂಲಪಾಠವನ್ನು ಬರೆದು, ಅಲ್ಲೇ ಕಂಪೈಲ್ ಮಾಡಿಸಿ, ಅಲ್ಲಿಂದಲೇ ಓಡಿತು.

ಮಾರಿಸ್‌ನ ಪ್ರಕರಣದಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸಬಹುದಾದ ಒಂದು ತಿರುವಿದೆ. ಹಾನಿ ಮಾಡುವ ಉದ್ದೇಶ ತನಗಿರಲಿಲ್ಲ ಎಂಬುದು ಅವನ ವಾದ. ಹುಳು ಅಷ್ಟು ವೇಗವಾಗಿ ಮರಿಹಾಕುತ್ತದೆಂದು ಅವನೂ ಎಣಿಸಿರಲಿಲ್ಲ. 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಅನಧಿಕೃತವಾಗಿ ಒಳಹೋಗುವ ಉದ್ದೇಶ ಇದ್ದರೆ ಸಾಕು, ಹಾನಿಯ ಉದ್ದೇಶವನ್ನು ಬೇರೆಯಾಗಿ ರುಜುವಾತುಪಡಿಸಬೇಕಿಲ್ಲ ಎಂದಿತು.

ಜೈನ ಚಿಂತನೆ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ಪ್ರಮಾದದ ಜೊತೆ ಕಟ್ಟಿಹಾಕುತ್ತದೆ. ಪ್ರಾಣಹಾನಿ ಆಯಿತೋ ಇಲ್ಲವೋ ಎಂಬುದಷ್ಟೇ ಅಲ್ಲ, ಮೈಮರೆವಿನಿಂದ ನಡೆದುಕೊಂಡೆಯಾ ಎಂಬುದೇ ಪ್ರಶ್ನೆ. ಟೀಕಾಕಾರರು ಕೊಡುವ ಹಳೆಯ ನಿದರ್ಶನ ಪ್ರಸಿದ್ಧ. ಕಣ್ಣಿಟ್ಟು ನಡೆಯುತ್ತಿರುವ ಮುನಿಯ ಪಾದದಡಿಗೆ ಹಠಾತ್ತನೆ ಹುಳವೊಂದು ಬಂದು ಸತ್ತರೆ ಅವನಿಗೆ ಅದರ ಬಂಧವಿಲ್ಲ. ಎಚ್ಚರವಿಲ್ಲದೆ ನಡೆಯುವವನ ಕಾಲಡಿ ಒಂದು ಇರುವೆಯೂ ಸಾಯದಿದ್ದರೂ ಅವನು ಹಿಂಸಕನೇ. ತಂತ್ರಾಂಶ ಬರೆಯುವವರ ಬಾಯಲ್ಲಿ ಬಹಳ ಕೇಳಿಬರುವ 'ಇಷ್ಟು ವರ್ಷ ಏನೂ ಆಗಿಲ್ಲವಲ್ಲ' ಎಂಬ ಸಮಜಾಯಿಷಿಗೆ ಈ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಏನೂ ಆಗಿಲ್ಲದಿರುವುದು ಅದೃಷ್ಟದ ಖಾತೆಗೆ ಸೇರಿದ್ದು, ಬರೆದವರ ಖಾತೆಗಲ್ಲ.

ಫೈಲಿಗೆ ಜೀವವಿದೆಯೇ, ಅದಕ್ಕೇಕೆ ಸಮಿತಿಯ ಮಾತು ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಅದಕ್ಕೂ ಸೂತ್ರದಲ್ಲೇ ಉತ್ತರವಿದೆ. ಕರ್ಮದ ಒಸರುವಿಕೆಗೆ, ಅಂದರೆ ಆಸ್ರವಕ್ಕೆ, ಆಧಾರವಾಗುವ ಅಧಿಕರಣಗಳು ಎರಡು ಬಗೆ, ಜೀವ ಮತ್ತು ಅಜೀವ. ಅಜೀವದ ಪಟ್ಟಿಯಲ್ಲಿ ನಿರ್ವರ್ತನೆ ಅಂದರೆ ನಿರ್ಮಿಸುವುದು, ನಿಕ್ಷೇಪ ಅಂದರೆ ಇಡುವುದು, ಸಂಯೋಗ ಅಂದರೆ ಕೂಡಿಸುವುದು, ನಿಸರ್ಗ ಅಂದರೆ ಪ್ರವರ್ತಿಸಲು ಬಿಡುವುದು, ಎಂದು ನಾಲ್ಕಿವೆ. ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಟೀಕೆ ಬರೆದ ಪೂಜ್ಯಪಾದರು, ಗಂಗರ ಕಾಲದ ಕರ್ನಾಟಕದವರೆಂದು ಪರಂಪರೆ ಹೇಳುವ ಆಚಾರ್ಯರು, ಇಡುವಿಕೆಯನ್ನು ಮತ್ತೆ ನಾಲ್ಕಾಗಿ ಸೀಳುತ್ತಾರೆ. ನೋಡದೆ ಇಡುವುದು ಒಂದು. ನೋಡಿದರೂ ಸರಿಯಾಗಿ ಸವರದೆ ಇಡುವುದು ಇನ್ನೊಂದು. ಅವಸರದಲ್ಲಿ ಇಡುವುದು ಮೂರನೆಯದು. ಗಮನವೇ ಇಲ್ಲದೆ ಎಲ್ಲೆಂದರಲ್ಲಿ ಇಡುವುದು ನಾಲ್ಕನೆಯದು. ಉಮಾಸ್ವಾಮಿಗಳು ಕಂಪ್ಯೂಟರನ್ನು ಅಂದೇ ಕಂಡಿದ್ದರು ಎಂದು ಸಾರುವ ಭಾಷಣಕಾರರು ಇದನ್ನು ಓದಿ ಉಬ್ಬಬಹುದು. ಅವರಿಗೆ ದೂರದಿಂದಲೇ ನಮಸ್ಕಾರ. ಸೂತ್ರಕಾರರು ಕಂಡದ್ದು ಮನುಷ್ಯನ ಕೈಯನ್ನು. ಕೈ ಎರಡು ಸಾವಿರ ವರ್ಷದಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಸರ್ವರ್ ನೋಡಿಕೊಳ್ಳುವವರು ಈ ನಾಲ್ಕನ್ನೂ ಬೇರೆ ಬೇರೆ ಹೆಸರಿನಲ್ಲಿ ದಿನವೂ ಕಾಣುತ್ತಾರೆ. ನೋಡದೆ ಇಡುವುದು ಎಂದರೆ ತಾತ್ಕಾಲಿಕ ಫೈಲಿಗೆ ಯಾರು ಬೇಕಾದರೂ ಊಹಿಸಬಹುದಾದ ಹೆಸರು ಕೊಡುವುದು. ಹೆಸರು ಮೊದಲೇ ಗೊತ್ತಿದ್ದರೆ ಹೊಂಚುಹಾಕಿದವನು ಅದೇ ಹೆಸರಿನಲ್ಲಿ ಟಿಎಂಪಿಯೊಳಗೆ ಒಂದು ಸಾಂಕೇತಿಕ ಕೊಂಡಿಯನ್ನು ಮೊದಲೇ ನೆಟ್ಟಿರುತ್ತಾನೆ. ಪ್ರೋಗ್ರಾಂ ಟಿಎಂಪಿಗೆ ಬರೆದೆನೆಂದು ತಿಳಿದು ವ್ಯವಸ್ಥೆಯ ಇನ್ನಾವುದೋ ಮುಖ್ಯ ಫೈಲಿನ ಮೇಲೆ ಬರೆದುಬಿಡುತ್ತದೆ. ಹಾಗಾದರೆ ಮೊದಲು ನೋಡಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬರೆದರಾಯಿತಲ್ಲ ಎಂದರೆ ಅಲ್ಲೊಂದು ಸೂಕ್ಷ್ಮವಿದೆ. ನೋಡಿದ ಕ್ಷಣಕ್ಕೂ ಇಟ್ಟ ಕ್ಷಣಕ್ಕೂ ನಡುವೆ ಒಂದು ಸಂದಿ ಇರುತ್ತದೆ, ಆ ಸಂದಿಯಲ್ಲೇ ಕೊಂಡಿ ನುಸುಳುತ್ತದೆ. ನಿಟ್ಟಿಸಿ ನೋಡಿದರಷ್ಟೇ ಸಾಲದು, ಸವರಿಯೇ ಇಡಬೇಕೆಂದು ಮುನಿಗೆ ವಿಧಿಸಿದ್ದರ ಹಿಂದೆಯೂ ಇದೇ ಅಪನಂಬಿಕೆ ಇದ್ದಂತಿದೆ. ನೆಲ ನಿಂತಿರುತ್ತದೆ, ಇರುವೆ ನಿಂತಿರುವುದಿಲ್ಲ. ಅದಕ್ಕಾಗಿ ಈಗಿನ ವ್ಯವಸ್ಥೆಗಳಲ್ಲಿ ನೋಡುವುದನ್ನೂ ಇಡುವುದನ್ನೂ ಒಂದೇ ಕ್ರಿಯೆಯಾಗಿ ಬೆಸೆದ 'ಎಂಕೆಎಸ್‌ಟೆಂಪ್' ಎಂಬ ಸೌಲಭ್ಯವಿದೆ. ಅದು ಊಹಿಸಲಾಗದ ಹೆಸರನ್ನು ಹೆಕ್ಕಿ, ಆ ಹೆಸರು ಈಗಾಗಲೇ ಇದ್ದರೆ ಇಡುವುದನ್ನೇ ನಿರಾಕರಿಸುತ್ತದೆ. 2012ರಲ್ಲಿ ಬಂದ ಲಿನಕ್ಸ್ 3.6 ಕರ್ನೆಲ್ ಇಂಥ ಕೊಂಡಿಗಳನ್ನು ಸಾರ್ವಜನಿಕ ಫೋಲ್ಡರುಗಳಲ್ಲಿ ಹಿಂಬಾಲಿಸದೇ ಇರುವ ಸೌಲಭ್ಯವನ್ನೂ ತಂದಿತು.

ಅವಸರದ ಇಡುವಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಾವುದೋ ಪುಟದಲ್ಲಿ ಕಂಡ ಒಂದು ಸಾಲಿನ ಆಜ್ಞೆಯನ್ನು ನಕಲು ಮಾಡಿ, ಅದು ಏನನ್ನು ತಂದಿಳಿಸುತ್ತದೆಂದು ಓದದೆ, ಅಡ್ಮಿನ್ ಅಧಿಕಾರದಲ್ಲೇ ಓಡಿಸುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಸರಿಯಾಗಿ ಸವರದಿರುವುದು ಐದನೆಯ ಸಮಿತಿಗೂ ತಾಗುವ ವಿಷಯ. ಪೈಇನ್‌ಸ್ಟಾಲರ್‌ನಿಂದ ಕಟ್ಟಿದ ಪ್ರೋಗ್ರಾಂ ನೆಟ್ಟಗೆ ಮುಗಿದರೆ ತನ್ನ ಫೋಲ್ಡರನ್ನು ತಾನೇ ಅಳಿಸುತ್ತದೆ. ಕರೆಂಟು ಹೋದರೆ, ಅಥವಾ ಯಾರಾದರೂ ಬಲವಂತವಾಗಿ ಮುಚ್ಚಿದರೆ, ಫೋಲ್ಡರು ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿಯ ತಪ್ಪಲಿನ ಊರುಗಳಲ್ಲಿ ಕರೆಂಟಿನ ಪಾಡು ಗೊತ್ತಿರುವವರಿಗೆ ಎಷ್ಟು ಫೋಲ್ಡರುಗಳು ಹಾಗೆ ಗುಡ್ಡೆಬೀಳಬಹುದೆಂದು ಊಹಿಸುವುದು ಕಷ್ಟವಲ್ಲ. ಅದಕ್ಕೇ ವ್ಯವಸ್ಥೆಯೇ ಗುಡಿಸುವ ಕೆಲಸ ವಹಿಸಿಕೊಂಡಿದೆ. ಇಂದಿನ ಬಹುಪಾಲು ಲಿನಕ್ಸ್‌ಗಳಲ್ಲಿರುವ ಸಿಸ್ಟಂಡಿ ತನ್ನ ಮೂಲ ನಿಯಮಗಳಲ್ಲಿ ಟಿಎಂಪಿಯಲ್ಲಿ 10 ದಿನ, ಅದರ ಜೊತೆಗಿನ ಇನ್ನೊಂದು ತಾತ್ಕಾಲಿಕ ಫೋಲ್ಡರಾದ 'ವಾರ್ ಟಿಎಂಪಿ'ಯಲ್ಲಿ 30 ದಿನ ಯಾರೂ ಮುಟ್ಟದೆ ಬಿದ್ದಿದ್ದನ್ನು ಅಳಿಸುತ್ತದೆ. ಯಂತ್ರ ಮುಚ್ಚಿ ತೆರೆದಾಗ ಟಿಎಂಪಿಯಲ್ಲಿದ್ದದ್ದು ಉಳಿಯುತ್ತದೆಂದು ಯಾವ ಪ್ರೋಗ್ರಾಮೂ ನಂಬಬಾರದು ಎಂಬುದು ಹಳೆಯ ಕಟ್ಟಳೆ.

ಕೆಲಸ ಮುಗಿದ ವಸ್ತುವನ್ನು ಎಲ್ಲಿ ಬಿಡಬೇಕೆಂಬುದಕ್ಕೆ ಉಜಿರೆಯ ಆಸುಪಾಸಿನಲ್ಲೇ ಇನ್ನೊಂದು ಉತ್ತರವಿದೆ. ನಡ ಗ್ರಾಮದ ಸುರ್ಯ ಸದಾಶಿವ ರುದ್ರ ದೇವಸ್ಥಾನದಲ್ಲಿ ಹರಕೆ ಎಂದರೆ ಮಣ್ಣಿನ ಗೊಂಬೆ. ಮನೆ ಬೇಕೆಂದವರು ಮಣ್ಣಿನ ಮನೆ, ಮಗು ಬೇಕೆಂದವರು ಮಣ್ಣಿನ ಮಗು, ಕಾಲುನೋವಿನವರು ಮಣ್ಣಿನ ಕಾಲು ಒಪ್ಪಿಸುತ್ತಾರೆ. ಪೂಜೆಯಾದ ಮೇಲೆ ಆ ಗೊಂಬೆಗಳು ಗುಡಿಯಲ್ಲಿ ಉಳಿಯುವುದಿಲ್ಲ. ಅವು ತುಸು ದೂರದ ಹರಕೆ ಬನಕ್ಕೆ ಹೋಗುತ್ತವೆ. ಅಲ್ಲಿ ರಾಶಿ ಬಿದ್ದ ಗೊಂಬೆಗಳನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಮತ್ತೆ ಬಳಸುವುದಿಲ್ಲ. ಗುಡಿಯೊಳಗೆ ಪ್ರಾರ್ಥನೆಯಾಗಿದ್ದದ್ದು ಬನದಲ್ಲಿ ಬರಿಯ ಮಣ್ಣು. ಬನಕ್ಕೆ ಹೋದದ್ದು ಮತ್ತೆ ಹರಕೆಯಾಗಿ ಗುಡಿಗೆ ಬರುವಂತಿಲ್ಲ ಎಂಬ ಆ ಗೆರೆಯೇ ಮುಖ್ಯ. ಟಿಎಂಪಿಯ ತೊಂದರೆ ಇರುವುದು ಇಲ್ಲೇ. ಅದು ಗುಡಿಯೂ ಹೌದು, ಬನವೂ ಹೌದು. ನಿನ್ನೆ ಯಾರೋ ಬಿಟ್ಟುಹೋದದ್ದು ಇಂದು ಎದ್ದು ಓಡಲು ಅಲ್ಲಿ ಅಡ್ಡಿಯಿಲ್ಲ.

ಹಾಗಾದರೆ ಎಚ್ಚರ ಯಾರದಾಗಬೇಕು? ಇಡುವವನದೋ, ಜಾಗದ್ದೋ? ಸಮಿತಿಗಳ ದಾರಿ ಇಡುವವನ ಮೇಲೆ ಪೂರ್ತಿ ಭಾರ ಹಾಕುತ್ತದೆ. ಮುನಿ ಯಾವ ಊರಿಗೇ ಹೋಗಲಿ, ನೆಲ ಯಾರದ್ದೇ ಇರಲಿ, ನೋಡುವ ಕಣ್ಣೂ ಪಿಂಛಿಯೂ ಅವನವೇ. ತುಳುನಾಡಿನ ದೈವಾರಾಧನೆಯ ದಾರಿ ಬೇರೆ. ಅಲ್ಲಿ ಜಾಗಕ್ಕೇ ಕಟ್ಟುಕಟ್ಟಳೆ. ದೈವದ ಭಂಡಾರವಾದ ಮೊಗ, ಕಡ್ಸಲೆ ಎಂಬ ಖಡ್ಗ, ಆಭರಣಗಳು ಇರುವ ಮನೆ ಒಂದು ಕಡೆ. ದೈವದ ಉತ್ಸವವಾದ ನೇಮ ನಡೆಯುವ ಗದ್ದೆ, ಚಪ್ಪರ ಇನ್ನೊಂದು ಕಡೆ. ನೇಮದ ದಿನ ಭಂಡಾರ ಇಳಿಯುತ್ತದೆ, ನೇಮ ಮುಗಿದರೆ ಮರಳುತ್ತದೆ. ಇಟ್ಟುಕೊಳ್ಳುವ ಜಾಗದಲ್ಲಿ ಆವೇಶವಿಲ್ಲ, ಆವೇಶದ ಜಾಗದಲ್ಲಿ ಸಾಮಾನು ಉಳಿಯುವುದಿಲ್ಲ.

ಧರ್ಮಸ್ಥಳದ ಸ್ಥಳಪುರಾಣವೇ ಜಾಗ ಕೇಳಿದ ದೈವಗಳ ಕಥೆ. ನೆಲ್ಯಾಡಿ ಬೀಡಿನಲ್ಲಿದ್ದ ಜೈನ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಯ ಮನೆಗೆ ಧರ್ಮದೈವಗಳು ಮೊದಲು ಅತಿಥಿಗಳಾಗಿ ಬಂದವು. ಉಪಚಾರಕ್ಕೆ ಮೆಚ್ಚಿದವು. ಆಮೇಲೆ ಕನಸಿನಲ್ಲಿ ಬಂದು, ಈ ಮನೆಯನ್ನು ನಮಗೆ ಬಿಟ್ಟುಕೊಡು ಎಂದವು. ಪೆರ್ಗಡೆ ಬೀಡು ತೆರವು ಮಾಡಿ ತನಗೆ ಬೇರೆ ಮನೆ ಕಟ್ಟಿಕೊಂಡ. ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ದೈವಗಳು, ಅವುಗಳ ಮಾತಿನಂತೆ ಬಂದ ಮಂಜುನಾಥ, ಪೂಜೆಗೆ ವೈಷ್ಣವ ಅರ್ಚಕರು, ಆಡಳಿತಕ್ಕೆ ಜೈನ ಹೆಗ್ಗಡೆ ಮನೆತನ ಎಂಬ ವ್ಯವಸ್ಥೆ ಬೆಳೆದದ್ದು ಆ ಮೇಲೆ. ಕಾರ್ಯಶಕ್ತಿಯುಳ್ಳದ್ದು ವಾಸದ ಮನೆಯಲ್ಲಿ ಅತಿಥಿಯಾಗಿ ಒಂದೆರಡು ದಿನ ಇರಬಹುದು, ನೆಲೆ ನಿಲ್ಲಬೇಕಾದರೆ ಅದಕ್ಕೆ ಅದರದೇ ಜಾಗ ಬೇಕು ಎಂಬ ತಿಳಿವಳಿಕೆ ಈ ಕಥೆಯ ಒಳಗಿದೆ.

ಸರ್ವರ್ ಲೋಕದಲ್ಲಿ ಈ ಎರಡೂ ಪಂಥಗಳು ಜಗಳವಾಡುತ್ತಲೇ ಇವೆ. ಜಾಗದ ಪಂಥದವರು ಟಿಎಂಪಿಗೆ 'ನೋಎಕ್ಸೆಕ್' ಎಂಬ ನಿರ್ಬಂಧ ಹಾಕುತ್ತಾರೆ. ಅಲ್ಲಿ ಏನು ಬೇಕಾದರೂ ಬರೆಯಿರಿ, ಅಲ್ಲಿಂದ ಏನನ್ನೂ ಓಡಿಸುವಂತಿಲ್ಲ. ಸ್ಲ್ಯಾಪರ್‌ನಂಥ ಹುಳು ಅಲ್ಲಿಗೆ ನಿಲ್ಲುತ್ತದೆ. ಆದರೆ ಅದರೊಂದಿಗೆ ಪ್ರಾಮಾಣಿಕ ಪ್ರೋಗ್ರಾಮುಗಳೂ ನಿಲ್ಲುತ್ತವೆ. ಹುಡುಕಾಟದ ತಂತ್ರಾಂಶ ಎಲಾಸ್ಟಿಕ್‌ಸರ್ಚ್ ಜಾವಾದ ಮೂಲಕ ಯಂತ್ರಭಾಷೆಯ ತುಣುಕನ್ನು ತಾತ್ಕಾಲಿಕ ಫೋಲ್ಡರಿಗೆ ಇಳಿಸುತ್ತದೆ. ಅಲ್ಲಿ ನೋಎಕ್ಸೆಕ್ ಇದ್ದರೆ ಎಡವುತ್ತದೆ. ಅದರ ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಪುಟವಿದ್ದು, ತಾತ್ಕಾಲಿಕ ಜಾಗವನ್ನು ಬೇರೆಡೆ ಗೊತ್ತುಮಾಡುವ ಬಗೆಯನ್ನು ಹೇಳುತ್ತದೆ. ಗಮನವೇ ಇಲ್ಲದೆ ಇಡುವುದು ಎಂದು ಪೂಜ್ಯಪಾದರು ಹೇಳಿದ ನಾಲ್ಕನೆಯ ಬಗೆ ಹೆಚ್ಚಾಗಿ ಕಾಣುವುದು ಇಲ್ಲೇ. ಎಷ್ಟೋ ತಂತ್ರಾಂಶಗಳು ಜಾಗ ಬದಲಿಸುವ ಸೌಲಭ್ಯವನ್ನೇ ಕೊಡುವುದಿಲ್ಲ. ಟಿಎಂಪಿ ಎಂದರೆ ಓಡಿಸಬಹುದಾದ ಜಾಗ ಎಂದು ಅವು ಯೋಚಿಸದೆಯೇ ನಂಬಿರುತ್ತವೆ. ಆಗ ಬೇಸತ್ತ ಅಡ್ಮಿನ್ ನಿರ್ಬಂಧವನ್ನೇ ಕಿತ್ತುಹಾಕುತ್ತಾನೆ, ಒಂದು ಪ್ರೋಗ್ರಾಮಿನ ಸಲುವಾಗಿ ಇಡೀ ಬಯಲು ಮತ್ತೆ ತೆರೆದುಕೊಳ್ಳುತ್ತದೆ.

ಇನ್ನೊಂದು ಕಡೆ, ಜಾಗದ ಬೇಲಿಯೊಂದನ್ನೇ ನಂಬಿದವರೂ ಮೋಸಹೋಗುತ್ತಾರೆ. ನೋಎಕ್ಸೆಕ್ ಇರುವ ಜಾಗದ ಸ್ಕ್ರಿಪ್ಟನ್ನು ನೇರವಾಗಿ ಓಡಿಸಲಾಗದು, ನಿಜ. ಆದರೆ ಶೆಲ್ಲಿಗೋ ಪೈಥಾನಿಗೋ 'ಇದನ್ನು ಓದಿ ಹೇಳಿದಂತೆ ಮಾಡು' ಎಂದರೆ ಕೆಲಸ ಆಗಿಯೇ ಹೋಗುತ್ತದೆ. ಓಡುತ್ತಿರುವುದು ಶೆಲ್, ಅದು ಇರುವುದು ಬೇರೆ ಜಾಗದಲ್ಲಿ. ಬೇಲಿ ಕೇಳಿದ ಪ್ರಶ್ನೆಗೆ ಉತ್ತರ ಸರಿಯಾಗಿಯೇ ಇದೆ, ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ ಅಷ್ಟೆ.

ಎರಡರ ನಡುವೆ ಸದ್ಯಕ್ಕೆ ಹೆಚ್ಚು ವಿವೇಕದ್ದಾಗಿ ಕಾಣುವುದು ನೆಲ್ಯಾಡಿ ಬೀಡಿನ ಪರಿಹಾರ: ಅವರವರಿಗೆ ಅವರವರ ಜಾಗ. ಸಿಸ್ಟಂಡಿಯಲ್ಲಿ ಒಂದೊಂದು ಸೇವೆಗೂ ಉಳಿದವರಿಗೆ ಕಾಣದ ಸ್ವಂತ ಟಿಎಂಪಿ ಕೊಡುವ ಏರ್ಪಾಡು ಇದೆ. ಬಳಕೆದಾರ ಲಾಗಿನ್ ಆದಾಗ ಹುಟ್ಟಿ, ಪೂರ್ತಿ ಹೊರಬಿದ್ದಾಗ ಅಳಿಯುವ, ಅವನ ಹೊರತು ಯಾರೂ ಇಣುಕಲಾಗದ ರನ್‌ಟೈಮ್ ಫೋಲ್ಡರು ಇದೆ. ಗಾತ್ರದಲ್ಲಿ ದೊಡ್ಡವಕ್ಕೆ ಅವನ ಸ್ವಂತ ಕ್ಯಾಶ್ ಫೋಲ್ಡರು ಇದೆ. ತಾತ್ಕಾಲಿಕವಾದರೂ ಓಡುವಂಥದ್ದನ್ನು ಇಡುವುದಿದ್ದರೆ, ಒಡೆಯನೊಬ್ಬನಿಗೇ ತೆರೆದ ಇಂಥ ಖಾಸಗಿ ಫೋಲ್ಡರಿನಲ್ಲಿ, ಊಹಿಸಲಾಗದ ಹೆಸರಿನಡಿ ಇಡುವುದು ಲೇಸು. ಆ ಜಾಗವನ್ನು ಬದಲಿಸುವ ಸ್ವಾತಂತ್ರ್ಯವನ್ನು ಯಂತ್ರದ ಒಡೆಯನಿಗೇ ಬಿಡಬೇಕು. ಜಾಗದ ಬೇಲಿಯಿದ್ದೂ ಇಡುವವನ ಕಣ್ಣು ತಪ್ಪಬಾರದು.

ಇಡಲೇಬಾರದು ಎಂಬ ವೈರಾಗ್ಯದ ದಾರಿಯೂ ಒಂದಿದೆ. 2014ರಲ್ಲಿ ಲಿನಕ್ಸ್ 3.17ರೊಂದಿಗೆ ಬಂದ 'ಮೆಮ್‌ಎಫ್‌ಡಿ' ಎಂಬ ಸೌಲಭ್ಯ ಬಳಸಿದರೆ ಫೈಲನ್ನು ಯಾವ ಫೋಲ್ಡರಿನಲ್ಲೂ ಇಡದೆ, ಬರಿಯ ಸ್ಮೃತಿಯಲ್ಲೇ ಸೃಷ್ಟಿಸಿ ಓಡಿಸಬಹುದು. ಗುಡಿಸುವ ಗೊಡವೆಯಿಲ್ಲ, ಹೊಂಚುಹಾಕುವವನಿಗೆ ಹೆಸರಿಲ್ಲ. ಅಪರಿಗ್ರಹದ ಪರಮಾವಸ್ಥೆ ಎನ್ನಬೇಕು! ಆದರೆ ಕುತಂತ್ರಾಂಶ ಬರೆಯುವವರೂ ಇದೇ ವೈರಾಗ್ಯವನ್ನು ಅಷ್ಟೇ ಪ್ರೀತಿಯಿಂದ ಅಪ್ಪಿಕೊಂಡರು. ಡಿಸ್ಕಿನಲ್ಲಿ ಹೆಜ್ಜೆಗುರುತೇ ಇಲ್ಲದ್ದರಿಂದ ಫೈಲುಗಳನ್ನು ತಡಕುವ ಆಂಟಿವೈರಸ್‌ಗೆ ಅವರ ಸುಳಿವು ಸಿಗುವುದು ಕಷ್ಟ.

ಜಾಗವನ್ನು ಬಿಗಿಮಾಡಿದರೆ ಎಲ್ಲವೂ ಸರಿಯಾಗುತ್ತದೆ ಎನ್ನುವವರು ಮೂಡುಬಿದಿರೆಯ ಗುರು ಬಸದಿಯ ಚರಿತ್ರೆಯನ್ನು ಓದಬೇಕು. ದಿಗಂಬರ ಜೈನರ ಸಿದ್ಧಾಂತಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ 'ಧವಲಾ' ಟೀಕೆ, ಅದರ ಜೊತೆಗೆ ಜಯಧವಲಾ, ಮಹಾಧವಲಾ ಎಂದು ಜನಜನಿತವಾದ ಗ್ರಂಥಗಳು ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಉಳಿದದ್ದು ಇಲ್ಲೊಂದೇ ಕಡೆ. ಶತಮಾನಗಳ ಕಾಲ ಯಾತ್ರಿಕರು ಅವುಗಳ ದರ್ಶನ ಮಾಡಿದರು, ಓದಲಿಲ್ಲ. ಸಿದ್ಧಾಂತಗ್ರಂಥ ಗೃಹಸ್ಥರು ಓದುವಂಥದ್ದಲ್ಲ ಎಂಬುದು ಕಟ್ಟಳೆ. ಗರಿಗಳು ಜೀರ್ಣವಾಗುತ್ತಿದ್ದವು. 19ನೇ ಶತಮಾನದ ಕೊನೆಯಲ್ಲಿ, ಬಸದಿಯಲ್ಲೇ ಇಟ್ಟುಕೊಳ್ಳುವುದಕ್ಕೆಂದು ಪ್ರತಿ ಮಾಡಿಸುವ ಕೆಲಸ ಶುರುವಾಯಿತು. ದಶಕಗಳೇ ಹಿಡಿದವು. ಪ್ರತಿ ಹೊರಗೆ ಹೋಗುವಂತಿರಲಿಲ್ಲ. ಆದರೆ ಪ್ರತಿ ಮಾಡುತ್ತಿದ್ದ ಪಂಡಿತ ಗಜಪತಿ ಉಪಾಧ್ಯಾಯರು ಪತ್ನಿಯ ನೆರವಿನಿಂದ ಗುಟ್ಟಾಗಿ ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿಂದ ಮುಂದೆ ಪ್ರತಿಯಿಂದ ಪ್ರತಿ ಹುಟ್ಟಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾಗಿ ಹೊರಬಂತು.

ಉಪಾಧ್ಯಾಯರು ಮಾಡಿದ್ದು ಕಟ್ಟಳೆಯ ಉಲ್ಲಂಘನೆ. ಅದು ನಡೆಯದಿದ್ದರೆ ವಿದ್ವತ್ ಲೋಕ ಇನ್ನೂ ಎಷ್ಟು ಕಾಲ ಕಾಯಬೇಕಿತ್ತೋ. ಬಸದಿಯ ಕಾವಲು ಇಲ್ಲದಿದ್ದರೂ ಗ್ರಂಥ ಉಳಿಯುತ್ತಿರಲಿಲ್ಲ ಎಂಬುದು ಅಷ್ಟೇ ನಿಜ. ಕಾದವರನ್ನೂ ಕದ್ದವರನ್ನೂ ಒಟ್ಟಿಗೆ ನೆನೆಯಬೇಕಾದ ಇಕ್ಕಟ್ಟು ಇದು. ಯಾರೊಬ್ಬರ ಪರವಾಗಿಯೂ ತೀರ್ಪು ಬರೆಯುವ ಆತುರ ಬೇಕಿಲ್ಲ.

ಅದೇ ಇಕ್ಕಟ್ಟು ಈಗ ಮೊಬೈಲಿನಲ್ಲಿದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಗೂಗಲ್ ಹೊಸ ಕಟ್ಟಳೆ ತಂದಿತು. ಹೊಸ ಆವೃತ್ತಿಗೆಂದು ಸಿದ್ಧವಾದ ಆ್ಯಪ್ ತಾನು ಬರೆಯಬಲ್ಲ ಸ್ವಂತ ಫೋಲ್ಡರಿನಲ್ಲಿರುವ ಫೈಲನ್ನು ಪ್ರೋಗ್ರಾಮಾಗಿ ಓಡಿಸುವಂತಿಲ್ಲ. ಓಡುವುದೆಲ್ಲ ಆ್ಯಪಿನ ಜೊತೆಗೇ, ಬದಲಿಸಲಾಗದಂತೆ ಬಂದಿರಬೇಕು. ಬರೆಯಬಲ್ಲ ಜಾಗ ಬೇರೆ, ಓಡಬಲ್ಲ ಜಾಗ ಬೇರೆ ಎಂಬ ಈ ತತ್ತ್ವವನ್ನು ಓಪನ್‌ಬಿಎಸ್‌ಡಿ 2003ರಲ್ಲೇ ಯಂತ್ರದ ಸ್ಮೃತಿಗೆ ಅನ್ವಯಿಸಿತ್ತು. ಭದ್ರತೆಯ ದೃಷ್ಟಿಯಿಂದ ಅದಕ್ಕೆ ಆಕ್ಷೇಪ ಎತ್ತುವುದು ಕಷ್ಟ. ಹೊರಗಿನಿಂದ ಇಳಿಸಿಕೊಂಡ ಕೋಡನ್ನು ಕದ್ದು ಓಡಿಸುವ ಆ್ಯಪ್‌ಗಳ ಹಾವಳಿ ಸಣ್ಣದಲ್ಲ.

ಪೆಟ್ಟು ಬಿದ್ದದ್ದು ಟರ್ಮಕ್ಸ್ ಎಂಬ ಆ್ಯಪ್‌ಗೆ. ಫೋನಿನಲ್ಲೇ ಲಿನಕ್ಸ್‌ನ ಆಜ್ಞೆಗಳನ್ನು, ಕಂಪೈಲರುಗಳನ್ನು, ಪೈಥಾನನ್ನು ಇಳಿಸಿಕೊಂಡು ಬಳಸಲು ಬಿಡುವ ಆ್ಯಪ್ ಅದು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ, ಕಾಲೇಜಿನ ಲ್ಯಾಬು ಸಂಜೆಗೆ ಮುಚ್ಚಿದ ಮೇಲೆ ಫೋನೊಂದೇ ಕೈಯಲ್ಲಿರುವ ವಿದ್ಯಾರ್ಥಿಗೆ ಸಿ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಓಡಿಸಿ ನೋಡಲು ಅದೊಂದು ದಾರಿ. ತಾನೇ ಬರೆದದ್ದನ್ನು ತನ್ನದೇ ಫೋನಿನಲ್ಲಿ ಓಡಿಸುವ ಈ ಕೆಲಸಕ್ಕೂ, ಕಳ್ಳ ಆ್ಯಪ್ ಮಾಡುವ ಕೆಲಸಕ್ಕೂ ಹೊಸ ಕಟ್ಟಳೆಯ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ಬರೆಯಬಲ್ಲ ಜಾಗದಿಂದ ಓಡಿಸುವವರೇ. ಇಡುವವನು ಯಾರು, ಯಾವ ಎಚ್ಚರದಲ್ಲಿ ಇಟ್ಟ ಎಂದು ಕೇಳುವ ಗೋಜಿಗೆ ಜಾಗದ ನೀತಿ ಹೋಗುವುದಿಲ್ಲ. ಅದರ ಬಲವೂ ಅದೇ, ಅದರ ಕುರುಡೂ ಅದೇ. ಸ್ಥಳಪುರಾಣದ ದೈವಗಳು ಬೀಡನ್ನು ಬಿಟ್ಟುಕೊಡೆಂದು ಕೇಳಿದ್ದಾದರೂ ಮನೆಯ ಯಜಮಾನನನ್ನು. ಫೋನಿನ ಒಡೆಯರನ್ನು ಇಲ್ಲಿ ಯಾರೂ ಕೇಳಲಿಲ್ಲ, 'ಈ ಒಂದು ಫೋಲ್ಡರಿನಿಂದ ಓಡಲಿ, ಹೊಣೆ ನನ್ನದು' ಎಂದು ಒಪ್ಪಿಗೆ ಕೊಡುವ ಒಂದು ಗುಂಡಿಯನ್ನೂ ಅವರಿಗೆ ಕೊಡಲಿಲ್ಲ. ಟರ್ಮಕ್ಸ್ ತಂಡ 2020ರ ಕೊನೆಯ ಹೊತ್ತಿಗೆ ಪ್ಲೇ ಸ್ಟೋರ್‌ನಲ್ಲಿ ಆ್ಯಪನ್ನು ನವೀಕರಿಸುವುದನ್ನು ನಿಲ್ಲಿಸಿತು. ಎಫ್-ಡ್ರಾಯ್ಡ್ ಎಂಬ ಬೇರೆ ಭಂಡಾರದ ಮೂಲಕ, ಹಳೆಯ ಆಂಡ್ರಾಯ್ಡಿಗೆಂದೇ ಸಿದ್ಧವಾದ ಆ್ಯಪ್ ಎಂದು ಘೋಷಿಸಿಕೊಂಡು ಅದು ತನ್ನ ಕೆಲಸ ಮುಂದುವರಿಸಿತು.